ಮ್ಯಾಕ್‌ಓಎಸ್ ಅಪ್‌ಗ್ರೇಡ್ ಆದ ಮೇಲೆ ಗಿಟ್, ಬ್ರೂ, ಪೈಥಾನ್ ಯಾವುದೂ ಓಡುತ್ತಿಲ್ಲ: ಮೊದಲು ಸರಿಮಾಡಬೇಕಾದ್ದು ಯಾವುದು?

ಪ್ರಶ್ನೆ: ಕಪ್ಪುಪರದೆ

ನಮಸ್ಕಾರ. ಎಂ1 ಚಿಪ್‌ನ ಮ್ಯಾಕ್‌ಬುಕ್. ಮ್ಯಾಕ್‌ಓಎಸ್ 12ರಿಂದ ನೇರವಾಗಿ 14.6ಕ್ಕೆ ಅಪ್‌ಗ್ರೇಡ್ ಆಗಿದೆ. ಅಪ್‌ಗ್ರೇಡ್ ತೊಂದರೆಯಿಲ್ಲದೆ ಮುಗಿಯಿತು, ಆದರೆ ಡೆವಲಪ್‌ಮೆಂಟಿಗೆ ಬೇಕಾದ ಒಂದೂ ಓಡುತ್ತಿಲ್ಲ. ಪೂರ್ತಿ ಎಕ್ಸ್‌ಕೋಡ್ (ಆ್ಯಪಲ್‌ನ ಡೆವಲಪ್‌ಮೆಂಟ್ ಆ್ಯಪ್) ಇದರಲ್ಲಿಲ್ಲ, ಕಮಾಂಡ್ ಲೈನ್ ಟೂಲ್ಸ್ (ಸಿಎಲ್‌ಟಿ; ಕಂಪೈಲರ್, ಗಿಟ್ ಮುಂತಾದ ಟರ್ಮಿನಲ್ ಸಲಕರಣೆಗಳ ಕಟ್ಟು) ಮಾತ್ರ ಇತ್ತು. ಯೂಸರ್ ಅಕೌಂಟ್, ಫೋಲ್ಡರ್‌ಗಳೆಲ್ಲ ಹಳೆಯ ಇಂಟೆಲ್ ಮ್ಯಾಕ್‌ನಿಂದ ಮೈಗ್ರೇಷನ್ ಅಸಿಸ್ಟೆಂಟ್ ಮೂಲಕ ಬಂದವು, ಅದೂ ಗಮನದಲ್ಲಿರಲಿ.

ಬರುತ್ತಿರುವ ಎರರ್‌ಗಳು ಇವು:

1. ಗಿಟ್‌ನ ಯಾವ ಕಮಾಂಡ್ ಕೊಟ್ಟರೂ "ಎಕ್ಸ್‌ಸಿರನ್: ಎರರ್: ಇನ್‌ವ್ಯಾಲಿಡ್ ಆ್ಯಕ್ಟಿವ್ ಡೆವಲಪರ್ ಪಾತ್ (/ಲೈಬ್ರರಿ/ಡೆವಲಪರ್/ಕಮಾಂಡ್‌ಲೈನ್‌ಟೂಲ್ಸ್)".

2. ಅದಕ್ಕೆ ಎಲ್ಲರೂ ಹೇಳುವ "ಎಕ್ಸ್‌ಕೋಡ್-ಸೆಲೆಕ್ಟ್ --ಇನ್‌ಸ್ಟಾಲ್" ಹೊಡೆದರೆ, ಈ ಸಾಫ್ಟ್‌ವೇರ್ ಸದ್ಯಕ್ಕೆ ಅಪ್‌ಡೇಟ್ ಸರ್ವರಿನಲ್ಲಿ ಸಿಗುತ್ತಿಲ್ಲ ಎಂಬ ಡಬ್ಬಿ ಬಂದು ನಿಲ್ಲುತ್ತದೆ.

3. ಬ್ರೂ (ಹೋಮ್‌ಬ್ರೂ, ಪ್ರೋಗ್ರಾಂಗಳನ್ನು ಹಾಕಿಕೊಡುವ ಸಾಧನ) ಇನ್‌ಸ್ಟಾಲ್ ಮಾಡಹೋದರೆ, ಎಆರ್‌ಎಂ ಪ್ರೊಸೆಸರ್ ಮೇಲೆ ಇಂಟೆಲ್ ಜಾಗದಲ್ಲಿ (/ಯೂಸರ್/ಲೋಕಲ್) ಹಾಕಲಾಗದು ಎನ್ನುತ್ತದೆ.

4. ಪ್ರಾಜೆಕ್ಟ್ ಒಳಗಿನ ವಿಇಎನ್‌ವಿ (ಆ ಪ್ರಾಜೆಕ್ಟಿಗೆಂದೇ ಇರುವ ಪೈಥಾನ್ ಫೋಲ್ಡರ್) ಪೈಥಾನ್ ಆದ ".ವಿಇಎನ್‌ವಿ/ಬಿನ್/ಪೈಥಾನ್" ಓಡಿಸಿದರೆ "ನೋ ಸಚ್ ಫೈಲ್". ಎಲ್‌ಎಸ್ ಕೊಟ್ಟರೆ ಫೈಲ್ ಅಲ್ಲೇ ಕಾಣುತ್ತದೆ!

5. ಎನ್‌ಪಿಎಂ ಇನ್‌ಸ್ಟಾಲ್ ನಡುವೆ ನೋಡ್-ಜಿಪ್ (node-gyp, ಪ್ಯಾಕೇಜ್‌ಗಳ ಸಿ ಕೋಡನ್ನು ಕಂಪೈಲ್ ಮಾಡಿಕೊಡುವ ಸಾಧನ) ನಿಲ್ಲುತ್ತದೆ: "ನೋ ಎಕ್ಸ್‌ಕೋಡ್ ಆರ್ ಸಿಎಲ್‌ಟಿ ವರ್ಷನ್ ಡಿಟೆಕ್ಟೆಡ್".

ಎಲ್ಲ ಅಳಿಸಿ ಓಎಸ್ಸನ್ನೇ ಹೊಸದಾಗಿ ಹಾಕುವುದು ಒಳ್ಳೆಯದು ಅಂತ ಸಲಹೆ ಬಂದಿದೆ. ಅಷ್ಟು ದೂರ ಹೋಗಬೇಕೇ? ಬೇಡವಾದರೆ ಯಾವ ಕ್ರಮದಲ್ಲಿ ಸರಿಪಡಿಸಬೇಕು?

ಉತ್ತರ: ಬೇರುಮಟ್ಟ

ಓಎಸ್ ಮತ್ತೆ ಹಾಕಬೇಕಿಲ್ಲ. ಎರರ್ ಐದು ಕಂಡರೂ ಕೆಟ್ಟಿರುವುದು ಎರಡೇ. ನಿಮ್ಮ 1, 2, 4, 5 ನಾಲ್ಕಕ್ಕೂ ಬೇರು ಒಂದೇ, ಕಮಾಂಡ್ ಲೈನ್ ಟೂಲ್ಸ್. 3 ಮಾತ್ರ ಬೇರೆ ಕಾಯಿಲೆ. ಅದು ಅಪ್‌ಗ್ರೇಡ್‌ನಿಂದ ಬಂದದ್ದಲ್ಲ, ಇಂಟೆಲ್‌ನಿಂದ ತಂದ ಹಳೆಯ ಬ್ರೂ.

ಕ್ರಮ ತಪ್ಪಬಾರದು. ಕಂಪೈಲರ್ ಮತ್ತು ಎಸ್‌ಡಿಕೆ (ಅದಕ್ಕೆ ಬೇಕಾದ ಹೆಡರ್, ಲೈಬ್ರರಿಗಳ ಕಟ್ಟು) ಮೊದಲು, ಅದರ ಮೇಲೆ ಬ್ರೂ, ಅದರ ಮೇಲೆ ಪೈಥಾನ್ ಮತ್ತು ನೋಡ್, ಕಟ್ಟಕಡೆಗೆ ಪ್ರಾಜೆಕ್ಟ್‌ನ ಪ್ಯಾಕೇಜ್‌ಗಳು. ಮೇಲಿನ ಮಹಡಿಯ ಎರರ್ ಹಿಡಿದುಕೊಂಡು ಗೂಗಲ್ ಮಾಡುತ್ತಾ ಹೋದರೆ ದಿನಗಟ್ಟಲೆ ಸುತ್ತಬೇಕಾಗುತ್ತದೆ, ಯಾಕೆಂದರೆ ತಳ ಸರಿಯಾದ ಕೂಡಲೇ ಆ ಎರರ್ ಬದಲಾಗುತ್ತದೆ ಇಲ್ಲವೇ ಮಾಯವಾಗುತ್ತದೆ.

ಗಿಟ್ ಯಾಕೆ ಹೀಗೆ ಹೇಳುತ್ತದೆ? "/ಯೂಸರ್/ಬಿನ್/ಗಿಟ್" ಎಂಬ ಫೈಲ್ ನಿಜವಾದ ಗಿಟ್ ಅಲ್ಲ. ಅದೊಂದು ಪುಟ್ಟ ದ್ವಾರಪಾಲಕ. ಡೆವಲಪರ್ ಫೋಲ್ಡರ್ ಎಲ್ಲಿದೆ ಎಂದು ವಿಚಾರಿಸಿ, ಅಲ್ಲಿರುವ ಅಸಲಿ ಗಿಟ್‌ಗೆ ಕೆಲಸ ವಹಿಸುವುದಷ್ಟೇ ಅದರ ಕೆಲಸ. ಕ್ಲ್ಯಾಂಗ್, ಮೇಕ್, ಪೈಥಾನ್3 ಇವೂ ಹಾಗೇ. ಹಾಗಾಗಿ "ವಿಚ್ ಗಿಟ್" ಹೊಡೆದರೆ ಫೈಲ್ ಇದೆ ಎಂದೇ ಉತ್ತರ ಬರುತ್ತದೆ, ಓಡಿಸಿದರೆ ಮಾತ್ರ ಬೀಳುತ್ತದೆ. ದೊಡ್ಡ ಅಪ್‌ಗ್ರೇಡ್‌ನಲ್ಲಿ ಆ ಡೆವಲಪರ್ ಫೋಲ್ಡರ್ ಹೋಗಿಬಿಡಬಹುದು, ಅಥವಾ ಅರೆಬರೆ ಉಳಿಯಬಹುದು. ಅರೆಬರೆ ಉಳಿದದ್ದೇ ಹೆಚ್ಚು ಕಾಟ ಕೊಡುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಹೊಡೆಯಿರಿ (ದಾರಿಗಳಲ್ಲಿ "ಯೂಸರ್" ಎಂದಿರುವುದು usr), ಸ್ಪೇಸ್ ಮತ್ತು ಅಡ್ಡಗೆರೆ ಇದ್ದ ಹಾಗೇ ಇರಲಿ.

ಮೊದಲು ಈಗಿನ ಸ್ಥಿತಿ ನೋಡಿ:

ಎಕ್ಸ್‌ಕೋಡ್-ಸೆಲೆಕ್ಟ್ -ಪಿ

"/ಆ್ಯಪ್ಲಿಕೇಷನ್ಸ್/ಎಕ್ಸ್‌ಕೋಡ್.ಆ್ಯಪ್" ಎಂದು ತೋರಿಸಿ, ಆ ಆ್ಯಪ್ ನಿಮ್ಮಲ್ಲಿ ಇಲ್ಲದಿದ್ದರೆ, "ಸುಡೊ ಎಕ್ಸ್‌ಕೋಡ್-ಸೆಲೆಕ್ಟ್ --ರೀಸೆಟ್" ಸಾಕು. ಕಮಾಂಡ್‌ಲೈನ್‌ಟೂಲ್ಸ್ ದಾರಿ ತೋರಿಸಿದರೆ ಆ ಫೋಲ್ಡರ್ ಒಳಗೆ "ಯೂಸರ್/ಬಿನ್/ಕ್ಲ್ಯಾಂಗ್" ಇದೆಯೇ ಎಂದು ಎಲ್‌ಎಸ್ ಮಾಡಿ. ಇಲ್ಲ ಅಂದರೆ, ಅಥವಾ ಇದ್ದೂ ಓಡದಿದ್ದರೆ, ಆ ಫೋಲ್ಡರನ್ನು ಪೂರ್ತಿ ತೆಗೆದುಹಾಕಿ:

ಸುಡೊ ಆರ್‌ಎಂ -ಆರ್‌ಎಫ್ /ಲೈಬ್ರರಿ/ಡೆವಲಪರ್/ಕಮಾಂಡ್‌ಲೈನ್‌ಟೂಲ್ಸ್

ಕೊನೆಯ ಪದದ ತನಕ ಓದಿ ನೋಡಿಯೇ ಎಂಟರ್ ಒತ್ತಿ. ದಾರಿಯ ಮಧ್ಯೆ ಒಂದು ಸ್ಪೇಸ್ ನುಸುಳಿದರೆ ಇಡೀ ಲೈಬ್ರರಿ ಫೋಲ್ಡರಿಗೆ ಕೈಹಾಕಿದಂತಾಗುತ್ತದೆ. ಈ ಫೋಲ್ಡರ್ ಒಳಗೆ ನಿಮ್ಮ ಸ್ವಂತದ್ದು ಏನೂ ಇರುವುದಿಲ್ಲ, ಆದ್ದರಿಂದ ತೆಗೆಯಲು ಹೆದರಬೇಡಿ.

ಆಮೇಲೆ ಇನ್‌ಸ್ಟಾಲ್. ನಿಮಗೆ ಬಂದ ಡಬ್ಬಿಯ ಅರ್ಥ, ಆ ಹೊತ್ತಿನಲ್ಲಿ ಅಪ್‌ಡೇಟ್ ಪಟ್ಟಿಯಲ್ಲಿ ನಿಮ್ಮ ಓಎಸ್‌ಗೆ ಹೊಂದುವ ಐಟಂ ಸಿಗಲಿಲ್ಲ ಎಂದಷ್ಟೇ. ವಿಪಿಎನ್ ಅಥವಾ ಪ್ರಾಕ್ಸಿ ಹಾಕಿದ್ದರೆ ತೆಗೆದು ಇನ್ನೊಮ್ಮೆ ನೋಡಿ. ಆಗಲೂ ಬರದಿದ್ದರೆ ಡಬ್ಬಿಯ ಸಹವಾಸ ಬಿಟ್ಟು ಈ ದಾರಿ ಹಿಡಿಯಿರಿ:

ಟಚ್ /ಟಿಎಂಪಿ/.ಕಾಮ್.ಆ್ಯಪಲ್.ಡಿಟಿ.ಕಮಾಂಡ್‌ಲೈನ್‌ಟೂಲ್ಸ್.ಇನ್‌ಸ್ಟಾಲ್‌ಆನ್‌ಡಿಮಾಂಡ್.ಇನ್-ಪ್ರೋಗ್ರೆಸ್
ಸಾಫ್ಟ್‌ವೇರ್‌ಅಪ್‌ಡೇಟ್ --ಲಿಸ್ಟ್

ಆ ಖಾಲಿ ಫೈಲ್ ಇದ್ದರೆ ಮಾತ್ರ ಪಟ್ಟಿಯಲ್ಲಿ "ಕಮಾಂಡ್ ಲೈನ್ ಟೂಲ್ಸ್ ಫಾರ್ ಎಕ್ಸ್‌ಕೋಡ್" ಎಂಬ ಸಾಲು ಕಾಣಿಸಿಕೊಳ್ಳುತ್ತದೆ. ಲೇಬಲ್ ಎಂದು ಕೊಟ್ಟಿರುವ ಪೂರ್ತಿ ಹೆಸರನ್ನು ಕಾಪಿ ಮಾಡಿ, ಉದ್ಧರಣ ಚಿಹ್ನೆಯೊಳಗಿಟ್ಟು, "ಸುಡೊ ಸಾಫ್ಟ್‌ವೇರ್‌ಅಪ್‌ಡೇಟ್ --ಇನ್‌ಸ್ಟಾಲ್" ಆದ ನಂತರ ಅಂಟಿಸಿ. ಮುಗಿದ ಮೇಲೆ ಆ ಟಚ್ ಮಾಡಿದ ಫೈಲನ್ನು ಅಳಿಸಿ.

ಅದೂ ಆಗದಿದ್ದರೆ ಆ್ಯಪಲ್ ಡೆವಲಪರ್ ಸೈಟಿನ ಡೌನ್‌ಲೋಡ್ ಪುಟದಿಂದ ಡಿಎಂಜಿ ಇಳಿಸಿಕೊಳ್ಳಿ. ಉಚಿತ ಆ್ಯಪಲ್ ಅಕೌಂಟ್ ಸಾಕು, ಹಣ ಕೊಟ್ಟು ಸದಸ್ಯರಾಗಬೇಕಿಲ್ಲ. ಇಲ್ಲಿ ಎಡವುವ ಜಾಗ ಒಂದಿದೆ: ಪಟ್ಟಿಯ ಮೇಲ್ತುದಿಯಲ್ಲಿರುವ ಹೊಸದನ್ನು ತೆಗೆದುಕೊಳ್ಳಬೇಡಿ. ಎಕ್ಸ್‌ಕೋಡ್ 16.3ಕ್ಕೆ ಮ್ಯಾಕ್‌ಓಎಸ್ 15.2 ಬೇಕು. ನಿಮ್ಮದು 14.6, ಹಾಗಾಗಿ 16.2ರ ಟೂಲ್ಸ್ ತೆಗೆದುಕೊಳ್ಳಿ, ಅದಕ್ಕೆ 14.5 ಇದ್ದರೆ ಸಾಕು.

ಆದ ಮೇಲೆ ಮೂರು ಪರೀಕ್ಷೆ ಮಾಡಿ. "ಕ್ಲ್ಯಾಂಗ್ --ವರ್ಷನ್" 16.0.0 ತೋರಿಸಬೇಕು. "ಎಕ್ಸ್‌ಸಿರನ್ --ಶೋ-ಎಸ್‌ಡಿಕೆ-ಪಾತ್" ಕೊಟ್ಟಾಗ ಬರುವ ಫೋಲ್ಡರ್ ನಿಜವಾಗಿ ಇರಬೇಕು. ಮೂರನೆಯದು, ಎಸ್‌ಟಿಡಿಐಒ.ಎಚ್ ಇನ್‌ಕ್ಲೂಡ್ ಮಾಡಿ ಒಂದು ಸಾಲು ಪ್ರಿಂಟ್ ಮಾಡುವ ಸಿ ಫೈಲ್ ಬರೆದು ಕಂಪೈಲ್ ಮಾಡಿ. ಇನ್‌ಕ್ಲೂಡ್ ಇಲ್ಲದ ಖಾಲಿ ಮೇನ್ ಇಟ್ಟರೆ ಹೆಡರ್‌ಗಳ ಪರೀಕ್ಷೆ ಆಗುವುದೇ ಇಲ್ಲ.

ಆ ಕಂಪೈಲ್‌ನಲ್ಲಿ ಎಸ್‌ಟಿಡಿಐಒ.ಎಚ್ ಸಿಗಲಿಲ್ಲ ಎಂದು ಬಂದರೆ ಟೂಲ್ಸ್ ಮೇಲೆ ಅನುಮಾನ ಪಡುವ ಮೊದಲು ನಿಮ್ಮ .ಝಡ್‌ಎಸ್‌ಎಚ್‌ಆರ್‌ಸಿ ತೆಗೆದು ನೋಡಿ. "ಎಸ್‌ಡಿಕೆರೂಟ್", "ಸಿಪಾತ್", "ಸಿಫ್ಲ್ಯಾಗ್ಸ್", "ಎಲ್‌ಡಿಫ್ಲ್ಯಾಗ್ಸ್" ಎಂಬ ಎಕ್ಸ್‌ಪೋರ್ಟ್ ಸಾಲುಗಳು ಎಂದೋ ಯಾವುದೋ ಸಮಸ್ಯೆಗೆ ಹಾಕಿದ್ದು ಅಲ್ಲೇ ಉಳಿದಿರುತ್ತವೆ. ಅದರಲ್ಲಿ "ಮ್ಯಾಕ್‌ಓಎಸ್‌ಎಕ್ಸ್12.ಎಸ್‌ಡಿಕೆ" ಎಂದಿದ್ದರೆ ಆ ಫೋಲ್ಡರ್ ಈಗ ಇಲ್ಲ, ಕಂಪೈಲರ್ ಪಾಪ, ಇಲ್ಲದ ಮನೆಯ ಬಾಗಿಲು ತಟ್ಟುತ್ತಿರುತ್ತದೆ. ಆ ಸಾಲುಗಳನ್ನು ಕಾಮೆಂಟ್ ಮಾಡಿ, ಹೊಸ ಟರ್ಮಿನಲ್ ತೆರೆದು ಮತ್ತೆ ಕಂಪೈಲ್ ಮಾಡಿ.

ಪೂರ್ತಿ ಎಕ್ಸ್‌ಕೋಡ್ ಇಟ್ಟುಕೊಂಡಿರುವವರು ಅಪ್‌ಗ್ರೇಡ್ ಆದ ಮೇಲೆ ಇನ್ನೆರಡು ಮಾಡಬೇಕು: "ಸುಡೊ ಎಕ್ಸ್‌ಕೋಡ್‌ಬಿಲ್ಡ್ -ಲೈಸೆನ್ಸ್ ಆ್ಯಕ್ಸೆಪ್ಟ್", ನಂತರ "ಸುಡೊ ಎಕ್ಸ್‌ಕೋಡ್‌ಬಿಲ್ಡ್ -ರನ್‌ಫಸ್ಟ್‌ಲಾಂಚ್". ಲೈಸೆನ್ಸ್ ಒಪ್ಪದಿದ್ದರೆ ಗಿಟ್ ಕೂಡ ಓಡುವುದಿಲ್ಲ.

ಉತ್ತರ: ಕಂಪೈಲರ್_ಕಟ್ಟೆ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನೋಡ್-ಜಿಪ್ ಕೊಡುವ "ಸಿಎಲ್‌ಟಿ ವರ್ಷನ್ ಡಿಟೆಕ್ಟೆಡ್" ಎರರ್ ಫೋಲ್ಡರ್ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಅವಲಂಬಿಸಿಲ್ಲ. ಅದು ಇನ್‌ಸ್ಟಾಲರ್ ಬಿಟ್ಟುಹೋದ ರಸೀದಿಯನ್ನು ಓದುತ್ತದೆ. "ಪಿಕೆಜಿಯುಟಿಲ್ --ಪಿಕೆಜಿ-ಇನ್‌ಫೊ=ಕಾಮ್.ಆ್ಯಪಲ್.ಪಿಕೆಜಿ.ಸಿಎಲ್‌ಟೂಲ್ಸ್_ಎಕ್ಸಿಕ್ಯೂಟಬಲ್ಸ್" ಕೊಟ್ಟು ನೋಡಿ, ವರ್ಷನ್ ಸಾಲು ಬಂದರೆ ಸರಿ. ಟೈಮ್ ಮೆಷಿನ್‌ನಿಂದ ಅಥವಾ ಇನ್ನೊಂದು ಮಷೀನಿನಿಂದ ಆ ಫೋಲ್ಡರನ್ನು ಕಾಪಿ ಮಾಡಿ ತಂದು ಹಾಕಿದರೆ ಗಿಟ್ ಓಡುತ್ತದೆ, ಆದರೆ ರಸೀದಿ ಇರುವುದಿಲ್ಲ, ನೋಡ್-ಜಿಪ್ ಬೀಳುತ್ತದೆ. ಆದ್ದರಿಂದ ಇನ್‌ಸ್ಟಾಲರ್ ಮೂಲಕವೇ ಹಾಕಿ.

ಈಗ ಬ್ರೂ. ಎರಡು ಬ್ರೂಗಳ ಕಥೆ ಸರಿಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ. ಇಂಟೆಲ್ ಮ್ಯಾಕ್‌ನಲ್ಲಿ ಹೋಮ್‌ಬ್ರೂ "/ಯೂಸರ್/ಲೋಕಲ್" ಒಳಗೆ ಇರುತ್ತದೆ, ಎಂ ಸರಣಿಯಲ್ಲಿ "/ಆಪ್ಟ್/ಹೋಮ್‌ಬ್ರೂ" ಒಳಗೆ. ಮೈಗ್ರೇಷನ್ ಅಸಿಸ್ಟೆಂಟ್ ಹಳೆಯದನ್ನು ಇದ್ದಂತೆಯೇ ಹೊತ್ತು ತರುತ್ತದೆ. ಒಳಗಿರುವ ಪ್ರೋಗ್ರಾಂಗಳು ರೊಸೆಟಾ (ಇಂಟೆಲ್ ಪ್ರೋಗ್ರಾಂಗಳನ್ನು ಎಂ ಸರಣಿಯಲ್ಲಿ ಓಡಿಸುವ ಆ್ಯಪಲ್‌ನ ಅನುವಾದಕ) ಮೂಲಕ ಓಡುತ್ತವೆ, ಹಾಗಾಗಿ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಹೊಸದೇನಾದರೂ ಹಾಕಲು ಹೋದಾಗ ನಿಮಗೆ ಬಂದ 3ನೇ ಎರರ್ ಬರುತ್ತದೆ.

ಟರ್ಮಿನಲ್ ಯಾವ ವೇಷದಲ್ಲಿದೆ ಎಂಬುದನ್ನು ಮೊದಲು ನೋಡಿ. "ಯುನೇಮ್ -ಎಂ" ಕೊಟ್ಟಾಗ ಎಆರ್‌ಎಂ64 ಬರಬೇಕು. ಎಕ್ಸ್86_64 ಬಂದರೆ ಟರ್ಮಿನಲ್ ಆ್ಯಪ್‌ನ ಗೆಟ್ ಇನ್‌ಫೊ ಕಿಟಕಿಯಲ್ಲಿ "ಓಪನ್ ಯೂಸಿಂಗ್ ರೊಸೆಟಾ" ಗೆ ಟಿಕ್ ಬಿದ್ದಿರುತ್ತದೆ, ತೆಗೆಯಿರಿ. ಇದನ್ನು ಬಿಟ್ಟು ಮುಂದೆ ಹೋದರೆ ಹೊಸ ಬ್ರೂ ಕೂಡ ಹಳೆಯ ಜಾಗಕ್ಕೇ ಹೋಗಿ ಕೂರುತ್ತದೆ.

ಹಳೆಯದರಲ್ಲಿ ಏನೇನಿತ್ತು ಎಂಬ ಪಟ್ಟಿ ತೆಗೆದಿಟ್ಟುಕೊಳ್ಳಿ:

ಆರ್ಚ್ -ಎಕ್ಸ್86_64 /ಯೂಸರ್/ಲೋಕಲ್/ಬಿನ್/ಬ್ರೂ ಬಂಡಲ್ ಡಂಪ್ --ಫೈಲ್=~/ಬ್ರೂಫೈಲ್

"ಬ್ಯಾಡ್ ಸಿಪಿಯು ಟೈಪ್ ಇನ್ ಎಕ್ಸಿಕ್ಯೂಟಬಲ್" ಎಂದು ಬಂದರೆ ರೊಸೆಟಾ ಇಲ್ಲ ಎಂದರ್ಥ. "ಸಾಫ್ಟ್‌ವೇರ್‌ಅಪ್‌ಡೇಟ್ --ಇನ್‌ಸ್ಟಾಲ್-ರೊಸೆಟಾ" ಕೊಟ್ಟು ಮತ್ತೆ ಓಡಿಸಿ. ಬ್ರೂಫೈಲ್ ಬರೀ ಪಠ್ಯ. ತೆರೆದು ಓದಿ, ಈಗ ಬೇಡವಾದ ಸಾಲುಗಳನ್ನು ಅಳಿಸಿ. ಹಳೆಯ ಪಟ್ಟಿಯಲ್ಲಿ ಓಪನ್‌ಎಸ್‌ಎಸ್‌ಎಲ್ 1.1 ಇದ್ದರೆ ತೆಗೆಯಲೇಬೇಕು. ಅದರ ಬೆಂಬಲ ಸೆಪ್ಟೆಂಬರ್ 2023ಕ್ಕೆ ಮುಗಿದಿದೆ, ಬದಲಿಗೆ 3 ಇದೆ.

ದಯವಿಟ್ಟು ಇದನ್ನು ಹಾರಿಸಬೇಡಿ: ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಅನ್ನು ಬ್ರೂ ಮೂಲಕ ಹಾಕಿದ್ದರೆ ನಿಮ್ಮ ಡೇಟಾ "/ಯೂಸರ್/ಲೋಕಲ್/ವಾರ್" ಒಳಗೆ ಇದೆ. ಬ್ರೂಫೈಲಿಗೆ ಅದು ಬರುವುದಿಲ್ಲ. ಹಳೆಯ ಸರ್ವರ್ ಇನ್ನೂ ಓಡುತ್ತಿರುವಾಗಲೇ ಪೋಸ್ಟ್‌ಗ್ರೆಸ್‌ಗೆ "ಪಿಜಿ_ಡಂಪ್‌ಆಲ್", ಮೈಎಸ್‌ಕ್ಯೂಎಲ್‌ಗೆ "ಮೈಎಸ್‌ಕ್ಯೂಎಲ್‌ಡಂಪ್" ಕೊಟ್ಟು ಎಸ್‌ಕ್ಯೂಎಲ್ ಫೈಲಾಗಿ ಹೊರಗೆ ತೆಗೆದಿಡಿ. ಆಮೇಲೆ ಪರದಾಡುವುದಕ್ಕಿಂತ ಈ ಹತ್ತು ನಿಮಿಷ ಮೇಲು.

ನಂತರ ಹೊಸ ಬ್ರೂ ಹಾಕಿ, "/ಆಪ್ಟ್/ಹೋಮ್‌ಬ್ರೂ/ಬಿನ್/ಬ್ರೂ ಬಂಡಲ್ --ಫೈಲ್=~/ಬ್ರೂಫೈಲ್" ಓಡಿಸಿ. ಎಲ್ಲವೂ ಸರಿಯಾಗಿ ಕೆಲವು ದಿನ ನಡೆದ ಮೇಲಷ್ಟೇ ಹಳೆಯದನ್ನು ಹೋಮ್‌ಬ್ರೂನ ಅಧಿಕೃತ ಅನ್‌ಇನ್‌ಸ್ಟಾಲ್ ಸ್ಕ್ರಿಪ್ಟಿಗೆ "--ಪಾತ್=/ಯೂಸರ್/ಲೋಕಲ್" ಕೊಟ್ಟು ತೆಗೆಯಿರಿ. "/ಯೂಸರ್/ಲೋಕಲ್" ಅನ್ನು ಕೈಯಾರೆ ಅಳಿಸಬೇಡಿ, ಬ್ರೂಗೆ ಸಂಬಂಧವಿಲ್ಲದ ಬೇರೆ ಪ್ರೋಗ್ರಾಂಗಳ ಫೈಲುಗಳೂ ಅಲ್ಲಿರುತ್ತವೆ.

ಈಗ ಪಾತ್, ಅಂದರೆ ಶೆಲ್ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ. ಬಹಳ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ಬ್ರೂ ಕೊಡುವ "ಶೆಲ್‌ಎನ್‌ವಿ" ಸಾಲನ್ನು .ಝಡ್‌ಪ್ರೊಫೈಲ್ ಫೈಲಿನಲ್ಲಿ ಹಾಕಬೇಕು, .ಝಡ್‌ಎಸ್‌ಎಚ್‌ಎನ್‌ವಿ ಯಲ್ಲಿ ಅಲ್ಲ. ಕಾರಣ: ಲಾಗಿನ್ ಶೆಲ್ ಶುರುವಾಗುವಾಗ ಮೊದಲು ನಿಮ್ಮ .ಝಡ್‌ಎಸ್‌ಎಚ್‌ಎನ್‌ವಿ ಓದುತ್ತದೆ, ಆಮೇಲೆ ಸಿಸ್ಟಮ್‌ನ "/ಇಟಿಸಿ/ಝಡ್‌ಪ್ರೊಫೈಲ್". ಆ ಸಿಸ್ಟಮ್ ಫೈಲ್ "ಪಾತ್_ಹೆಲ್ಪರ್" ಎಂಬುದನ್ನು ಓಡಿಸುತ್ತದೆ. ಅದು "/ಇಟಿಸಿ/ಪಾತ್ಸ್" ನಲ್ಲಿರುವ ಫೋಲ್ಡರ್‌ಗಳನ್ನೆಲ್ಲ ಮುಂದಕ್ಕೆ ತಂದು, ನೀವು ಹಾಕಿದ್ದನ್ನು ಹಿಂದಕ್ಕೆ ತಳ್ಳುತ್ತದೆ. ನಿಮ್ಮ .ಝಡ್‌ಪ್ರೊಫೈಲ್ ಅದಾದ ಮೇಲೆ ಓದಿಸಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ಬರೆದದ್ದು ಮುಂದೆ ಉಳಿಯುತ್ತದೆ. ಪರೀಕ್ಷೆಗೆ "ವಿಚ್ -ಎ ಬ್ರೂ" ಕೊಡಿ, ಮೊದಲ ಸಾಲಿನಲ್ಲಿ ಆಪ್ಟ್ ಬರಬೇಕು.

ಕೊನೆಗೆ "ಬ್ರೂ ಕಾನ್ಫಿಗ್". ಕೆಳಗಿನ ಸಾಲುಗಳಲ್ಲಿ ಸಿಎಲ್‌ಟಿ ಮುಂದೆ 16.2, ರೊಸೆಟಾ 2 ಮುಂದೆ ಫಾಲ್ಸ್ ಇದ್ದರೆ ತಳ ಗಟ್ಟಿಯಾಗಿದೆ. "ಬ್ರೂ ಡಾಕ್ಟರ್" ಹತ್ತಾರು ಎಚ್ಚರಿಕೆ ಕೊಟ್ಟರೂ ಎಲ್ಲವನ್ನೂ ಬೆನ್ನುಹತ್ತಬೇಡಿ. ಟೂಲ್ಸ್ ಹಳೆಯದು ಎಂಬುದು, ಪಾತ್ ಕ್ರಮ, ಮುರಿದ ಲಿಂಕ್ ಇವು ಮೂರು ಮುಖ್ಯ. ಬ್ರೂ ಮುಂದೆ ಸುಡೊ ಎಂದೂ ಸೇರಿಸಬೇಡಿ.

ಕಪ್ಪುಪರದೆ

ಇಬ್ಬರಿಗೂ ತುಂಬ ಧನ್ಯವಾದ. ಟಚ್ ಫೈಲ್ ಉಪಾಯದಿಂದ 16.2 ಬಂತು, ಗಿಟ್ ಓಡುತ್ತಿದೆ. ಸಿ ಫೈಲ್ ಕಂಪೈಲ್ ಆಗುತ್ತಿರಲಿಲ್ಲ; .ಝಡ್‌ಎಸ್‌ಎಚ್‌ಆರ್‌ಸಿ ಒಳಗೆ ಹಳೆಯ ಎಸ್‌ಡಿಕೆರೂಟ್ ಸಾಲು ಇತ್ತು, ತೆಗೆದ ಮೇಲೆ ಸರಿಹೋಯಿತು. ಹೊಸ ಬ್ರೂ ಆಪ್ಟ್ ಒಳಗೆ ಕೂತಿದೆ, ಡೇಟಾಬೇಸ್ ಡಂಪ್ ತೆಗೆದಿಟ್ಟಿದೆ.

ಪೈಥಾನ್ ಮತ್ತು ನೋಡ್ ಮಾತ್ರ ಎರರ್ ಬದಲಾಯಿಸಿಕೊಂಡಿವೆ. .ವಿಇಎನ್‌ವಿ ಒಳಗಿನ ಪೈಥಾನ್ ಈಗ ತೆರೆಯುತ್ತದೆ, ಆದರೆ ಯಾವುದನ್ನು ಇಂಪೋರ್ಟ್ ಮಾಡಿದರೂ "ಮಾಡ್ಯೂಲ್ ನಾಟ್ ಫೌಂಡ್". ಸೈಟ್-ಪ್ಯಾಕೇಜಸ್ ಫೋಲ್ಡರಿನಲ್ಲಿ ಎಲ್ಲ ಇವೆ. ರಿಕ್ವೈರ್‌ಮೆಂಟ್ಸ್ ಫೈಲ್ ಈ ಪ್ರಾಜೆಕ್ಟಿಗೆ ಇಲ್ಲ. ಎನ್‌ಪಿಎಂ ಈಗ "ನೋ ಮಾಡ್ಯೂಲ್ ನೇಮ್ಡ್ ಡಿಸ್ಟ್‌ಯುಟಿಲ್ಸ್" ಎನ್ನುತ್ತಿದೆ. ನೋಡ್ 18, ಎನ್‌ವಿಎಂ (ನೋಡ್ ವರ್ಷನ್‌ಗಳನ್ನು ಹಾಕಿಕೊಡುವ ಸಾಧನ) ಮೂಲಕ ಹಾಕಿದ್ದು.

ಉತ್ತರ: ಹಾವಿನಗೂಡು

ಎರಡೂ ನಿರೀಕ್ಷಿತವೇ. ಒಂದೊಂದಾಗಿ ನೋಡೋಣ.

"ಎಲ್‌ಎಸ್ -ಎಲ್ .ವಿಇಎನ್‌ವಿ/ಬಿನ್" ಕೊಟ್ಟು ನೋಡಿ. ಪೈಥಾನ್3 ಎಂಬುದು ಫೈಲ್ ಅಲ್ಲ, ಬಾಣದ ಗುರುತಿರುವ ಲಿಂಕ್. ಅದು ತೋರಿಸುತ್ತಿರುವುದು ಕಮಾಂಡ್‌ಲೈನ್‌ಟೂಲ್ಸ್ ಒಳಗಿನ ಪೈಥಾನ್3 ಅನ್ನು. ಟೂಲ್ಸ್ ಇಲ್ಲದಾಗ ಲಿಂಕ್ ಗಾಳಿಯಲ್ಲಿ ನೇತಾಡುತ್ತಿತ್ತು, ಅದಕ್ಕೇ ಎಲ್‌ಎಸ್‌ಗೆ ಕಂಡರೂ ಓಡಲಿಲ್ಲ. ಈಗ ಟೂಲ್ಸ್ ಬಂದಿದೆ, ಲಿಂಕಿಗೆ ಜೀವ ಬಂದಿದೆ, ಆದರೆ ಆ ತುದಿಯಲ್ಲಿರುವ ಪೈಥಾನ್ ಬದಲಾಗಿದೆ. ಎಕ್ಸ್‌ಕೋಡ್ 13ರ ಟೂಲ್ಸ್‌ನಲ್ಲಿ ಇದ್ದದ್ದು 3.8, ಈಗಿನದರಲ್ಲಿ 3.9. ಅದು ".ವಿಇಎನ್‌ವಿ/ಲಿಬ್/ಪೈಥಾನ್3.9" ಫೋಲ್ಡರ್ ಹುಡುಕುತ್ತದೆ, ನಿಮ್ಮ ಪ್ಯಾಕೇಜ್‌ಗಳಿರುವುದು ಪಕ್ಕದ "ಪೈಥಾನ್3.8" ಒಳಗೆ. ಫೋಲ್ಡರಿನ ಹೆಸರು ಬದಲಿಸಿ ಸರಿಮಾಡುವ ಆಸೆ ಬೇಡ, ಸಿ ಭಾಷೆಯಲ್ಲಿ ಕಂಪೈಲ್ ಆದ ಪ್ಯಾಕೇಜ್‌ಗಳು 3.8ಕ್ಕೆಂದೇ ಕಟ್ಟಿದವು.

ವಿಇಎನ್‌ವಿ ರಿಪೇರಿ ಮಾಡುವ ವಸ್ತುವಲ್ಲ, ಮತ್ತೆ ಕಟ್ಟುವ ವಸ್ತು. ಪಟ್ಟಿ ಇಲ್ಲದಿದ್ದರೂ ಚಿಂತೆಯಿಲ್ಲ. ಸತ್ತ ವಿಇಎನ್‌ವಿಯಿಂದಲೂ ಪಟ್ಟಿ ಹೊರತೆಗೆಯಬಹುದು, ಅದನ್ನು ಓಡಿಸದೆಯೇ:

ಪೈಥಾನ್3 -ಎಂ ಪಿಪ್ ಫ್ರೀಜ್ --ಪಾತ್ .ವಿಇಎನ್‌ವಿ/ಲಿಬ್/ಪೈಥಾನ್3.8/ಸೈಟ್-ಪ್ಯಾಕೇಜಸ್ > ಹಳೆಯಪಟ್ಟಿ.ಟಿಎಕ್ಸ್‌ಟಿ

ಹೊರಗಿನ ಯಾವುದೇ ಪೈಥಾನ್‌ನಿಂದ ಇದು ನಡೆಯುತ್ತದೆ. ಪಿಪ್ ಆ ಫೋಲ್ಡರಿನಲ್ಲಿರುವ ಡಿಸ್ಟ್-ಇನ್‌ಫೊ ದಾಖಲೆಗಳನ್ನು ಓದಿ ಹೆಸರು ಮತ್ತು ವರ್ಷನ್ ಬರೆದುಕೊಡುತ್ತದೆ. ಈ ಒಂದು ಕಮಾಂಡ್ ಗೊತ್ತಿಲ್ಲದೆ ಎಷ್ಟೋ ಜನ ಇಂಪೋರ್ಟ್ ಎರರ್ ಒಂದೊಂದೇ ನೋಡಿ ಪ್ಯಾಕೇಜ್ ಹಾಕುತ್ತಾ ಕೂರುತ್ತಾರೆ.

ಮುಂದೆ, ಹೊಸ ವಿಇಎನ್‌ವಿಗೆ ಟೂಲ್ಸ್ ಒಳಗಿನ ಪೈಥಾನನ್ನು ಬಳಸಬೇಡಿ. ಅದು ಆ್ಯಪಲ್‌ನ ಸಲಕರಣೆಗಳಿಗೆ ಇಟ್ಟಿರುವುದು, ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ಬದಲಾಗಬಹುದು. ಹಿಂದೆ ಮ್ಯಾಕ್‌ಓಎಸ್ 12.3ರಲ್ಲಿ ಪೈಥಾನ್ 2.7 ಪೂರ್ತಿ ಹೋದದ್ದು ನೆನಪಿರಲಿ. "ಬ್ರೂ ಇನ್‌ಸ್ಟಾಲ್ ಪೈಥಾನ್@3.12" ಹಾಕಿ, ಹಳೆಯ .ವಿಇಎನ್‌ವಿಗೆ ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸಿ, ನಂತರ:

ಪೈಥಾನ್3.12 -ಎಂ ವಿಇಎನ್‌ವಿ .ವಿಇಎನ್‌ವಿ
.ವಿಇಎನ್‌ವಿ/ಬಿನ್/ಪಿಪ್ ಇನ್‌ಸ್ಟಾಲ್ -ಆರ್ ಹಳೆಯಪಟ್ಟಿ.ಟಿಎಕ್ಸ್‌ಟಿ

3.8ರ ಕಾಲದ ನಿಖರ ವರ್ಷನ್‌ಗಳು 3.12ರಲ್ಲಿ ಎಲ್ಲವೂ ಕೂರುವುದಿಲ್ಲ. ನಂಪೈ, ಪಾಂಡಾಸ್ ತರಹದವಕ್ಕೆ 3.12ಕ್ಕೆ ಸಿದ್ಧ ವೀಲ್ (ಮೊದಲೇ ಕಂಪೈಲ್ ಆದ ಪ್ಯಾಕೇಜ್) ಇಲ್ಲದ ಹಳೆಯ ವರ್ಷನ್ ಕೇಳಿದರೆ ಪಿಪ್ ಮೂಲದಿಂದ ಕಂಪೈಲ್ ಮಾಡಲು ಹೊರಡುತ್ತದೆ, ಮಾರುದ್ದ ಎರರ್ ಕೊಡುತ್ತದೆ. ಅಂಥವುಗಳ ವರ್ಷನ್ ಸಂಖ್ಯೆಯನ್ನು ಮಾತ್ರ ಪಟ್ಟಿಯಿಂದ ತೆಗೆಯಿರಿ, ಎಲ್ಲದರದ್ದೂ ಅಲ್ಲ. ನೀವು ನೇರವಾಗಿ ಬಳಸದ, ಬೇರೆ ಪ್ಯಾಕೇಜ್‌ನ ಜೊತೆಗೆ ಬಂದ ಸಾಲುಗಳನ್ನು ಅಳಿಸಿಬಿಟ್ಟರೂ ಆಗುತ್ತದೆ, ಬೇಕಾದ್ದು ತಾನೇ ಬರುತ್ತದೆ.

ಅಕಸ್ಮಾತ್ ಇಂಪೋರ್ಟ್‌ನಲ್ಲಿ "ಇನ್‌ಕಂಪ್ಯಾಟಿಬಲ್ ಆರ್ಕಿಟೆಕ್ಚರ್ (ಹ್ಯಾವ್ ಎಕ್ಸ್86_64, ನೀಡ್ ಎಆರ್‌ಎಂ64)" ಬಂದರೆ ಇಂಟೆಲ್ ಕಾಲದ ಫೈಲ್ ಪಿಪ್‌ನ ಕ್ಯಾಶ್‌ನಿಂದ ಬಂದಿರುತ್ತದೆ. "ಪಿಪ್ ಕ್ಯಾಶ್ ಪರ್ಜ್" ಕೊಟ್ಟು ಆ ಪ್ಯಾಕೇಜನ್ನು ಮತ್ತೆ ಹಾಕಿ. ವಿಇಎನ್‌ವಿ ಹೊರಗೆ ಪಿಪ್ ಓಡಿಸಿದಾಗ "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್" ಬಂದರೆ ಅದು ದೋಷವಲ್ಲ, ರಕ್ಷಣೆ. "--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್" ಸೇರಿಸಿ ದಾಟಬೇಡಿ. ಪ್ರಾಜೆಕ್ಟಿಗೆ ವಿಇಎನ್‌ವಿ, ಕಮಾಂಡ್ ಲೈನ್ ಪ್ರೋಗ್ರಾಂಗಳಿಗೆ ಪಿಪ್‌ಎಕ್ಸ್ ಬಳಸಿ.

ಈಗ ನೋಡ್. ಮೊದಲು "ನೋಡ್ -ಪಿ ಪ್ರೊಸೆಸ್.ಆರ್ಚ್" ಕೊಡಿ. ಎಕ್ಸ್64 ಬಂದರೆ ಎನ್‌ವಿಎಂ ಫೋಲ್ಡರ್ ಕೂಡ ಇಂಟೆಲ್‌ನಿಂದ ಬಂದದ್ದೇ. ಅದೇ ವರ್ಷನ್ ಮೇಲೆ ಇನ್‌ಸ್ಟಾಲ್ ಕೊಟ್ಟರೆ ಈಗಾಗಲೇ ಇದೆ ಎಂದು ಸುಮ್ಮನಾಗುತ್ತದೆ, ಆದ್ದರಿಂದ ಮೊದಲು ಎನ್‌ವಿಎಂ ಅನ್‌ಇನ್‌ಸ್ಟಾಲ್, ಆಮೇಲೆ ಇನ್‌ಸ್ಟಾಲ್.

ಡಿಸ್ಟ್‌ಯುಟಿಲ್ಸ್ ಎಂಬ ಮಾಡ್ಯೂಲನ್ನು ಅಕ್ಟೋಬರ್ 2023ರಲ್ಲಿ ಬಂದ ಪೈಥಾನ್ 3.12ರಿಂದ ತೆಗೆದುಹಾಕಲಾಗಿದೆ. ಹಳೆಯ ನೋಡ್-ಜಿಪ್ ಅದನ್ನೇ ನಂಬಿಕೊಂಡಿತ್ತು. ಹೊಸ ಬ್ರೂ ಪೈಥಾನ್ ಪಾತ್‌ನಲ್ಲಿ ಮುಂದೆ ಬಂದ ಕೂಡಲೇ ಎರರ್ ಬಂದಿದೆ. ನೋಡ್-ಜಿಪ್ 10ರಿಂದ ಈ ಸಮಸ್ಯೆ ಇಲ್ಲ. ಹಳೆಯದನ್ನು ಯಾರು ಎಳೆದು ತರುತ್ತಿದ್ದಾರೆ ಎಂದು "ಎನ್‌ಪಿಎಂ ಎಕ್ಸ್‌ಪ್ಲೇನ್ ನೋಡ್-ಜಿಪ್" ಹೇಳುತ್ತದೆ. ಆ ಪ್ಯಾಕೇಜನ್ನು ಮೇಲೇರಿಸುವುದೇ ಸರಿಯಾದ ದಾರಿ. ಏನೂ ತೋರಿಸದಿದ್ದರೆ ಎನ್‌ಪಿಎಂ ತನ್ನೊಳಗೆ ಇಟ್ಟುಕೊಂಡಿರುವ ನೋಡ್-ಜಿಪ್ ಹಳೆಯದು, ಆಗ ಎನ್‌ಪಿಎಂ ಅನ್ನೇ ಅಪ್‌ಡೇಟ್ ಮಾಡಬೇಕು. ಇವತ್ತೇ ಬಿಲ್ಡ್ ಆಗಬೇಕಿದ್ದರೆ ಪೈಥಾನ್@3.11 ಜೊತೆಗೆ ಹಾಕಿಕೊಂಡು, ಆ ಒಂದು ಕಮಾಂಡಿಗೆ ಮಾತ್ರ "ಎನ್‌ಪಿಎಂ_ಕಾನ್ಫಿಗ್_ಪೈಥಾನ್" ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ 3.11ರ ದಾರಿ ಕೊಡಿ.

ಆಮೇಲೆ ನೋಡ್_ಮಾಡ್ಯೂಲ್ಸ್ ಫೋಲ್ಡರನ್ನು ಅಳಿಸಿ "ಎನ್‌ಪಿಎಂ ಸಿಐ". ಪ್ಯಾಕೇಜ್-ಲಾಕ್ ಫೈಲನ್ನು ಮುಟ್ಟಬೇಡಿ. ಅದನ್ನೂ ಅಳಿಸುವ ಸಲಹೆ ಎಲ್ಲೆಡೆ ಸಿಗುತ್ತದೆ, ಆದರೆ ಆಗ ನೂರಾರು ಪ್ಯಾಕೇಜ್‌ಗಳ ವರ್ಷನ್ ಒಟ್ಟಿಗೆ ಬದಲಾಗಿ, ಅಪ್‌ಗ್ರೇಡ್‌ನ ಸಮಸ್ಯೆ ಯಾವುದು, ಹೊಸ ವರ್ಷನ್‌ಗಳ ಸಮಸ್ಯೆ ಯಾವುದು ಎಂದು ಬಿಡಿಸಲಾಗದು. "ನೋಡ್_ಮಾಡ್ಯೂಲ್_ವರ್ಷನ್ 108, ಬೇಕಾದ್ದು 115" ಎಂಬಂಥದ್ದು ಕಂಡರೆ ನೋಡ್ 18ಕ್ಕೆ ಕಟ್ಟಿದ್ದನ್ನು 20ರಲ್ಲಿ ಓಡಿಸುತ್ತಿದ್ದೀರಿ ಎಂದಷ್ಟೇ ಅರ್ಥ, "ಎನ್‌ಪಿಎಂ ರೀಬಿಲ್ಡ್" ಸಾಕು.

ಪೆಂಗ್ವಿನ್_ಪಕ್ಷ

ಉಬುಂಟು 22.04ರಿಂದ 24.04ಕ್ಕೆ ಹೋದವರಿಗೂ ಇದೇ ಕ್ರಮವೇ?

ಉತ್ತರ: ಬೇರುಮಟ್ಟ

ಕ್ರಮ ಅದೇ, ಕೆಡುವ ಜಾಗ ಬೇರೆ. ಕಂಪೈಲರ್ ಅಲ್ಲಿ ಸಾಮಾನ್ಯವಾಗಿ ಉಳಿಯುತ್ತದೆ. ಆದರೆ ಅಪ್‌ಗ್ರೇಡರ್ ಹೊರಗಿನ ರೆಪಾಸಿಟರಿಗಳನ್ನೆಲ್ಲ ನಿಷ್ಕ್ರಿಯಗೊಳಿಸುತ್ತದೆ. "/ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ" ಒಳಗೆ ನೋಡಿದರೆ ಡಾಕರ್, ನೋಡ್ ಮುಂತಾದವುಗಳ ಸಾಲು ಕಾಮೆಂಟ್ ಆಗಿರುತ್ತದೆ. ಕಾಮೆಂಟ್ ತೆಗೆಯುವ ಮೊದಲು ಸಾಲಿನಲ್ಲಿ "ಜ್ಯಾಮಿ" ಎಂದಿದ್ದರೆ "ನೋಬಲ್" ಮಾಡಿ, ಆ ರೆಪಾಸಿಟರಿ ನೋಬಲ್‌ಗೆ ಪ್ಯಾಕೇಜ್ ಕೊಡುತ್ತಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಪೈಥಾನ್ 3.10 ಹೋಗಿ 3.12 ಬರುವುದರಿಂದ ವಿಇಎನ್‌ವಿ ಮೇಲೆ ಹೇಳಿದಂತೆಯೇ ಒಡೆಯುತ್ತದೆ, ಫ್ರೀಜ್ --ಪಾತ್ ಉಪಾಯ ಅಲ್ಲೂ ನಡೆಯುತ್ತದೆ. ಪೋಸ್ಟ್‌ಗ್ರೆಸ್ 14ರ ಪಕ್ಕದಲ್ಲಿ 16 ಕೂರುತ್ತದೆ. "ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್" ಕೊಟ್ಟು ಯಾವುದು ಯಾವ ಪೋರ್ಟ್‌ನಲ್ಲಿದೆ ನೋಡದೆ ಹಳೆಯ ಪ್ಯಾಕೇಜ್ ತೆಗೆಯಬೇಡಿ.

ಕಪ್ಪುಪರದೆ

ಪೈಥಾನ್ ಮತ್ತು ನೋಡ್ ಎರಡೂ ಸರಿಯಾದವು. ಹಳೆಯಪಟ್ಟಿಯಲ್ಲಿ ನಂಪೈ, ಪಾಂಡಾಸ್ ಎರಡರ ವರ್ಷನ್ ಮಾತ್ರ ಸಡಿಲಿಸಬೇಕಾಯಿತು. ಉಳಿದದ್ದು ಒಂದೇ: ಒಂದು ಹಳೆಯ ಆಂತರಿಕ ಗಿಟ್ ಸರ್ವರಿನಿಂದ ಪುಲ್ ಮಾಡಿದರೆ "ನೋ ಮ್ಯಾಚಿಂಗ್ ಹೋಸ್ಟ್ ಕೀ ಟೈಪ್ ಫೌಂಡ್, ದೇರ್ ಆಫರ್: ಎಸ್‌ಎಸ್‌ಎಚ್-ಆರ್‌ಎಸ್‌ಎ". ಮ್ಯಾಕ್‌ಓಎಸ್ 12ರಲ್ಲಿ ಇದು ಇರಲಿಲ್ಲ. ಬೇರೆ ಸರ್ವರ್‌ಗಳಿಗೆ ತೊಂದರೆಯಿಲ್ಲ.

ಉತ್ತರ: ಕಂಪೈಲರ್_ಕಟ್ಟೆ

ನಿಮ್ಮ ಕೀ ಕೆಟ್ಟಿಲ್ಲ, ಸರ್ವರ್ ಹಳೆಯದು. ಓಪನ್‌ಎಸ್‌ಎಸ್‌ಎಚ್ 8.8ರಿಂದ ಆರ್‌ಎಸ್‌ಎ ಜೊತೆ ಎಸ್‌ಎಚ್‌ಎ-1 ಸಹಿ ಬಳಸುವುದನ್ನು ಡೀಫಾಲ್ಟ್ ಆಗಿ ನಿಲ್ಲಿಸಿದ್ದಾರೆ, ಮ್ಯಾಕ್‌ಓಎಸ್ 13ರಿಂದ ಮುಂದಿನವುಗಳಲ್ಲಿ ಅದಕ್ಕಿಂತ ಹೊಸದಿದೆ. ಆರ್‌ಎಸ್‌ಎ ಕೀಗಳೇ ನಿಷಿದ್ಧವಾಗಿಲ್ಲ; ಎಸ್‌ಎಚ್‌ಎ-2 ಸಹಿ ಬಲ್ಲ ಸರ್ವರ್ ಜೊತೆ ಅವು ಈಗಲೂ ನಡೆಯುತ್ತವೆ. ಅದಕ್ಕೇ ಉಳಿದ ಕಡೆ ತೊಂದರೆ ಕಂಡಿಲ್ಲ.

ಸರ್ವರ್ ನೋಡಿಕೊಳ್ಳುವವರಿಗೆ ಅದರ ಎಸ್‌ಎಸ್‌ಎಚ್ ಅಪ್‌ಡೇಟ್ ಮಾಡಲು ಹೇಳಿ. ಅಲ್ಲಿಯವರೆಗೆ "~/.ಎಸ್‌ಎಸ್‌ಎಚ್/ಕಾನ್ಫಿಗ್" ನಲ್ಲಿ ಆ ಒಂದು ಹೋಸ್ಟ್ ಹೆಸರಿನ ಕೆಳಗೆ ಮಾತ್ರ ಈ ಎರಡು ಸಾಲು ಹಾಕಿ:

ಹೋಸ್ಟ್‌ಕೀಆಲ್ಗಾರಿದಮ್ಸ್ +ಎಸ್‌ಎಸ್‌ಎಚ್-ಆರ್‌ಎಸ್‌ಎ
ಪಬ್‌ಕೀಆ್ಯಕ್ಸೆಪ್ಟೆಡ್‌ಆಲ್ಗಾರಿದಮ್ಸ್ +ಎಸ್‌ಎಸ್‌ಎಚ್-ಆರ್‌ಎಸ್‌ಎ

ಪ್ಲಸ್ ಚಿಹ್ನೆ ಬಿಡಬೇಡಿ. ಅದಿಲ್ಲದಿದ್ದರೆ ಉಳಿದ ಎಲ್ಲ ವಿಧಾನಗಳೂ ಪಟ್ಟಿಯಿಂದ ಹೊರಬಿದ್ದು ಹಳೆಯದೊಂದೇ ಉಳಿಯುತ್ತದೆ. "ಹೋಸ್ಟ್ *" ಕೆಳಗೂ ಹಾಕಬೇಡಿ, ಹಾಕಿದರೆ ಎಲ್ಲ ಸರ್ವರ್‌ಗಳಿಗೂ ದುರ್ಬಲ ಸಹಿಯನ್ನು ಒಪ್ಪಿಕೊಂಡಂತಾಗುತ್ತದೆ. ಸಂಪರ್ಕ ಆಗುತ್ತಿದೆಯೇ ಎಂದು "ಎಸ್‌ಎಸ್‌ಎಚ್ -ವಿ" ಜೊತೆ ಆ ಹೋಸ್ಟ್ ಹೆಸರು ಕೊಟ್ಟು ನೋಡಿ. "ಕೆಇಎಕ್ಸ್: ಹೋಸ್ಟ್ ಕೀ ಆಲ್ಗಾರಿದಮ್" ಎಂಬ ಸಾಲಿನಲ್ಲಿ ಎಸ್‌ಎಸ್‌ಎಚ್-ಆರ್‌ಎಸ್‌ಎ ಬಂದರೆ ನಿಮ್ಮ ಕಾನ್ಫಿಗ್ ಓದಿಸಿಕೊಂಡಿದೆ.